ಹಿಡಿತದ ಲೆಕ್ಕ: ಸಣ್ಣ ಮಿಲ್ಲಿಂಗ್ ಯಂತ್ರಕ್ಕೆ ಕೊಲೆಟ್ ಮತ್ತು ಟೂಲ್ ಹೋಲ್ಡರ್‌ಗಳ ಆಯ್ಕೆ

ಲೇತ್ ಯಂತ್ರದಲ್ಲಿ ಕೆಲಸದ ತುಂಡು ತಿರುಗುತ್ತದೆ, ಟೂಲ್ ತಾನು ತಿರುಗದೆ ಲೋಹವನ್ನು ಸುಲಿಯುತ್ತದೆ; ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುವುಮುರುವಾಗಿ, ಕೆಲಸದ ತುಂಡು ವೈಸ್‌ನಲ್ಲಿ ಬಿಗಿಯಾಗಿ ಕುಳಿತಿರುವಾಗ ಹಲವು ಹಲ್ಲುಗಳುಳ್ಳ ಕಟ್ಟರ್ ತಿರುಗುತ್ತ ಅದರ ಮೈಯನ್ನು ಕೆತ್ತುತ್ತ ಸಾಗುತ್ತದೆ. ಈ ಕಟ್ಟರನ್ನು ಯಂತ್ರದ ಸ್ಪಿಂಡಲ್‌ಗೆ, ಎಂದರೆ ತಿರುಗುವ ಮುಖ್ಯ ದಂಡಕ್ಕೆ, ಜೋಡಿಸುವ ಸಾಧನಗಳಿಗೆ ಒಟ್ಟಾಗಿ ಟೂಲ್ ಹೋಲ್ಡರ್ ಎಂಬ ಹೆಸರಿದೆ. ಕಟ್ಟರಿನ ಹಿಡಿಕೆಯ ಭಾಗವಾದ ಶ್ಯಾಂಕನ್ನು ಸುತ್ತಲಿಂದಲೂ ಒಂದೇ ಸಮನಾಗಿ ಅಪ್ಪಿ ಹಿಡಿಯುವ, ಉದ್ದುದ್ದಕ್ಕೆ ಸೀಳಿರುವ ಉಕ್ಕಿನ ತೋಳನ್ನು ಕೊಲೆಟ್ ಎನ್ನುತ್ತಾರೆ. ಯಂತ್ರವನ್ನು ಕೊಳ್ಳುವಾಗ ಮೋಟಾರಿನ ಶಕ್ತಿ ಮತ್ತು ಮೇಜಿನ ಅಳತೆಗಳಿಗೆ ಸಲ್ಲುವ ಗಮನ ಈ ಸಣ್ಣ ಸಾಧನಗಳಿಗೆ ಅಪರೂಪವಾಗಿ ಸಲ್ಲುತ್ತದೆ. ಆದರೆ ಯಂತ್ರದಲ್ಲಿರುವ ನಿಖರತೆ ಕೆಲಸದ ಮೇಲೆ ಮೂಡಬೇಕಾದರೆ ಅದು ಈ ಹಿಡಿತದ ಮೂಲಕವೇ ಹಾದುಬರಬೇಕು.

ಡ್ರಿಲ್ ಚಕ್ ಏಕೆ ಸಾಲದು

ಹೊಸಬರಲ್ಲಿ ಸಹಜವಾಗಿ ಏಳುವ ಪ್ರಶ್ನೆಯೆಂದರೆ, ಮೂರು ದವಡೆಗಳ ಡ್ರಿಲ್ ಚಕ್ ಕೈಯಲ್ಲಿರುವಾಗ ಅದರಲ್ಲೇ ಕಟ್ಟರನ್ನೂ ಏಕೆ ಕಟ್ಟಬಾರದು ಎಂಬುದು. ರಂಧ್ರ ಕೊರೆಯುವಾಗ ಬಲವು ಬಹುಮಟ್ಟಿಗೆ ಡ್ರಿಲ್ಲಿನ ಉದ್ದಕ್ಕೆ ಮೇಲ್ಮುಖವಾಗಿ ಒತ್ತುತ್ತದೆ. ಮಿಲ್ಲಿಂಗ್‌ನಲ್ಲಿ ಬಲವು ಪಕ್ಕದಿಂದ ಬರುತ್ತದೆ, ಅದೂ ಒಂದೊಂದು ಹಲ್ಲು ಲೋಹವನ್ನು ಹೊಕ್ಕು ಹೊರಬೀಳುವಾಗ ಸುತ್ತಿಗೆಯ ಏಟಿನಂತೆ ಬಿಟ್ಟುಬಿಟ್ಟು ಬರುತ್ತದೆ. ಡ್ರಿಲ್ ಚಕ್ಕಿನ ದವಡೆಗಳು ಶ್ಯಾಂಕನ್ನು ಮೂರು ಸಣ್ಣ ಗೆರೆಗಳಲ್ಲಷ್ಟೇ ಮುಟ್ಟುವುದರಿಂದ ಇಂತಹ ಏಟುಗಳಿಗೆ ಹಿಡಿತ ಸಡಿಲಗೊಳ್ಳುತ್ತದೆ. ಮೇಲಾಗಿ ಅನೇಕ ಚಕ್ಕುಗಳು ತಮ್ಮ ಆರ್ಬರಿನ, ಎಂದರೆ ಸ್ಪಿಂಡಲ್ ಒಳಗೆ ಕೂರುವ ದಂಡದ, ಮೇಲೆ ಸಣ್ಣ ಶಂಕುವಿನಾಕಾರದ ಟೇಪರಿನ ಘರ್ಷಣೆಯೊಂದರಿಂದಲೇ ನಿಂತಿರುತ್ತವೆ. ಪಕ್ಕದ ಅದುರಾಟಕ್ಕೆ ಆ ಜೋಡಣೆ ಕಳಚಿದರೆ ಚಕ್ ಮತ್ತು ಕಟ್ಟರ್ ಎರಡೂ ತಿರುಗುತ್ತಲೇ ಕೆಳಗೆ ಬೀಳುವ ಅಪಾಯವಿದೆ. ಆದ್ದರಿಂದ ಡ್ರಿಲ್ ಚಕ್ಕನ್ನು ರಂಧ್ರ ಕೊರೆಯುವುದಕ್ಕೆ ಮೀಸಲಿಡುವುದು ಮಿಲ್ಲಿಂಗ್‌ನ ಮೊದಲ ಸುರಕ್ಷತಾ ನಿಯಮ.

ಕಟ್ಟರ್ ಜಾರಿದಾಗ ಆಗುವ ಹಾನಿಗೆ ಇನ್ನೊಂದು ಕಾರಣವೂ ಇದೆ. ಎಂಡ್ ಮಿಲ್ ಎಂಬ ಸಾಮಾನ್ಯ ಕಟ್ಟರುಗಳ ಅಂಚು ಬಲಗೈ ಸುರುಳಿಯಾಗಿರುವುದರಿಂದ ಲೋಹದ ಚೂರುಗಳು ಮೇಲಕ್ಕೆ ಏಳುತ್ತವೆ, ಅದಕ್ಕೆ ಪ್ರತಿಯಾಗಿ ಕಟ್ಟರ್ ಕೆಳಕ್ಕೆ ಎಳೆಯಲ್ಪಡುತ್ತದೆ. ಹಿಡಿತ ಸ್ವಲ್ಪವೇ ಸಡಿಲವಾದರೂ ಕಟ್ಟರ್ ಕೊಲೆಟ್‌ನಿಂದ ಎಳೆ ಎಳೆಯಾಗಿ ಹೊರಬಂದು ಕೆಲಸದೊಳಗೆ ಆಳವಾಗುತ್ತ ಹೋಗುತ್ತದೆ. ಆಳ ಹೆಚ್ಚಿದಂತೆ ಬಲವೂ ಹೆಚ್ಚಿ, ಕೊನೆಗೆ ಕೆಲಸ ಕೆಡುತ್ತದೆ ಇಲ್ಲವೇ ಕಟ್ಟರ್ ಮುರಿಯುತ್ತದೆ.

ಸ್ಪಿಂಡಲ್ಲಿನ ಟೇಪರ್: ಮೊದಲ ನಿರ್ಧಾರ

ಯಾವ ಹೋಲ್ಡರ್ ಕೊಳ್ಳಬೇಕೆಂಬುದನ್ನು ಸ್ಪಿಂಡಲ್ಲಿನ ಒಳಗಿರುವ ಶಂಕುವಿನಾಕಾರದ ರಂಧ್ರವೇ ನಿರ್ಧರಿಸುತ್ತದೆ. ಇದನ್ನೇ ಟೇಪರ್ ಎನ್ನುತ್ತಾರೆ. ಸಣ್ಣ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಟೇಪರುಗಳು ಮೂರು ಬಗೆಯವು.

ಮೊದಲನೆಯದು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮೋರ್ಸ್ ಟೇಪರ್. ಇದರ ಇಳಿಜಾರು ಸುಮಾರು 20ಕ್ಕೆ 1ರಷ್ಟು ಮಾತ್ರ, ಎಂದರೆ 20 ಮಿ.ಮೀ. ಉದ್ದಕ್ಕೆ ವ್ಯಾಸದಲ್ಲಿ 1 ಮಿ.ಮೀ. ವ್ಯತ್ಯಾಸವಾಗುವುದರಿಂದ ಒಮ್ಮೆ ಒತ್ತಿ ಕೂರಿಸಿದರೆ ಘರ್ಷಣೆಯಿಂದಲೇ ಕಚ್ಚಿಕೊಳ್ಳುತ್ತದೆ. ಮೇಜಿನ ಮೇಲಿಡುವ ಯಂತ್ರಗಳಲ್ಲಿ ಇದರ 2 ಮತ್ತು 3ನೆಯ ಸಂಖ್ಯೆಗಳು ಬಳಕೆಯಲ್ಲಿವೆ. ಮಿಲ್ಲಿಂಗ್ ಮಾಡುವಾಗ ಸ್ಪಿಂಡಲ್ಲಿನ ಮೇಲ್ತುದಿಯಿಂದ ಹಾದುಬಂದು ಹೋಲ್ಡರನ್ನು ಮೇಲಕ್ಕೆ ಎಳೆದು ಹಿಡಿಯುವ ಉದ್ದನೆಯ ಬೋಲ್ಟ್, ಎಂದರೆ ಡ್ರಾಬಾರ್, ಇದಕ್ಕೆ ಇರಲೇಬೇಕು. ಕಚ್ಚಿಕೊಂಡದ್ದನ್ನು ಬಿಡಿಸಲು ಡ್ರಾಬಾರನ್ನು ಒಂದೆರಡು ಸುತ್ತು ಸಡಿಲಿಸಿ ಹಿತ್ತಾಳೆಯ ಸುತ್ತಿಗೆಯಿಂದ ತಟ್ಟಬೇಕಾಗುತ್ತದೆ. ಈ ಏಟು ಪ್ರತಿ ಬಾರಿಯೂ ಸ್ಪಿಂಡಲ್ಲಿನ ಬೇರಿಂಗ್‌ಗಳ ಮೇಲೆ ಬೀಳುತ್ತದೆ ಎಂಬುದೇ ಈ ಟೇಪರಿನ ದೊಡ್ಡ ಕೊರತೆ.

ಎರಡನೆಯದು ಅಮೆರಿಕದ ಬ್ರಿಜ್‌ಪೋರ್ಟ್ ಸಂಸ್ಥೆ ತನ್ನ ಪ್ರಸಿದ್ಧ ಮಿಲ್ಲಿಂಗ್ ಯಂತ್ರಗಳಿಗೆಂದು ರೂಪಿಸಿದ ಆರ್ 8. ಇದರ ಶಂಕುವಿನ ಕೋನ ಸುಮಾರು 17 ಡಿಗ್ರಿಯಷ್ಟಿರುವುದರಿಂದ ಡ್ರಾಬಾರ್ ಸಡಿಲಿಸಿ ಮೆಲ್ಲಗೆ ತಟ್ಟಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಜೊತೆಗೆ ಕಟ್ಟರನ್ನು ನೇರವಾಗಿ ಹಿಡಿಯುವ ಕೊಲೆಟ್‌ಗಳೂ ಇದೇ ಆಕಾರದಲ್ಲಿ ಸಿಗುತ್ತವೆ. ಮೂರನೆಯದು 24ಕ್ಕೆ 7ರ ಕಡಿದಾದ ಇಳಿಜಾರಿನ ಐಎಸ್‌ಒ ಮತ್ತು ಬಿಟಿ ವರ್ಗದ ಟೇಪರ್. ಇದು ಕಚ್ಚಿಕೊಳ್ಳುವುದೇ ಇಲ್ಲ; ಡ್ರಾಬಾರ್ ಇದನ್ನು ಎಳೆದು ಹಿಡಿದರೆ, ಸ್ಪಿಂಡಲ್ಲಿನ ಮುಖದಲ್ಲಿರುವ, ಚಾವಿ ಎಂಬ ಎರಡು ಲೋಹದ ತುಂಡುಗಳು ತಿರುಗಿಸುವ ಬಲವನ್ನು ಹೊರುತ್ತವೆ. ಸಣ್ಣ ಯಂತ್ರಗಳಿಗೆ 30ನೆಯ ಸಂಖ್ಯೆ, ಅದಕ್ಕಿಂತ ದೊಡ್ಡ ವರ್ಕ್‌ಶಾಪ್ ಯಂತ್ರಗಳಿಗೆ 40ನೆಯ ಸಂಖ್ಯೆ ವಾಡಿಕೆಯಲ್ಲಿದೆ. ಐಎಸ್‌ಒ ಮತ್ತು ಬಿಟಿಗಳ ಇಳಿಜಾರು ಒಂದೇ ಆಗಿದ್ದರೂ ಅವುಗಳ ಅಂಚುಪಟ್ಟಿ ಮತ್ತು ಡ್ರಾಬಾರಿನ ಮರೆ, ಎಂದರೆ ತಿರುಪಿನ ಎಳೆ, ಬೇರೆಯಾಗಿರಬಹುದಾದ್ದರಿಂದ, ಕೊಳ್ಳುವ ಮುನ್ನ ಮರೆಯ ಅಳತೆಯನ್ನು ಖಚಿತಪಡಿಸಿಕೊಳ್ಳಬೇಕು.

ಕರ್ನಾಟಕದ ಮಟ್ಟಿಗೆ ಈ ಎಚ್ಚರ ಹೆಚ್ಚು ಅಗತ್ಯ. 1953ರಲ್ಲಿ ಎಚ್‌ಎಂಟಿ ಮತ್ತು 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್ ಸಂಸ್ಥೆಗಳು ಆರಂಭವಾದಾಗಿನಿಂದ ಬೆಂಗಳೂರು ಯಂತ್ರೋಪಕರಣಗಳ ನಗರವಾಗಿ ಬೆಳೆದಿದ್ದು, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶಗಳ ಯಂತ್ರಗಳು ಒಂದರ ಪಕ್ಕದಲ್ಲೊಂದು ದುಡಿಯುತ್ತಿವೆ. ಹಳೆಯ ಯಂತ್ರವೊಂದನ್ನು ಕೊಂಡವರು ಅದರ ಟೇಪರನ್ನು ಊಹೆಯಿಂದ ಗುರುತಿಸದೆ, ಅಳೆದು ನೋಡಿಯೇ ಹೋಲ್ಡರ್ ಕೊಳ್ಳುವುದು ಲೇಸು.

ಇಆರ್ ಕೊಲೆಟ್ ಕೆಲಸ ಮಾಡುವ ಬಗೆ

ಇಂದು ಜಗತ್ತಿನಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ಇಆರ್ ಕೊಲೆಟನ್ನು ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಸಂಸ್ಥೆ 1972ರಲ್ಲಿ ಹೊರತಂದಿತು; ಮುಂದೆ ಅದು ಡಿಐಎನ್ 6499 ಮತ್ತು ಐಎಸ್‌ಒ 15488 ಎಂಬ ಮಾನಕಗಳಾಗಿ ನೆಲೆಗೊಂಡದ್ದರಿಂದ ಒಬ್ಬ ತಯಾರಕನ ಕೊಲೆಟ್ ಮತ್ತೊಬ್ಬನ ಕೊಲೆಟ್ ಚಕ್ಕಿನಲ್ಲಿ, ಎಂದರೆ ಕೊಲೆಟನ್ನು ಹೊರುವ ಹೋಲ್ಡರಿನಲ್ಲಿ, ಕೂರುವಂತಾಯಿತು. ಇದರ ಹೊರಮೈ ಅಕ್ಷಕ್ಕೆ 8 ಡಿಗ್ರಿ ವಾಲಿದ ಶಂಕು. ಚಕ್ಕಿನ ತುದಿಯ ನಟ್ಟನ್ನು ಬಿಗಿದಾಗ ಕೊಲೆಟ್ ಚಕ್ಕಿನ ಶಂಕುವಿನೊಳಗೆ ತಳ್ಳಲ್ಪಟ್ಟು, ಮರಕ್ಕೆ ಬಡಿದ ಬೆಣೆಯಂತೆ ವರ್ತಿಸುತ್ತದೆ: ಉದ್ದಕ್ಕೆ ಕೊಟ್ಟ ತಳ್ಳುಬಲವು ಘರ್ಷಣೆಯ ನಷ್ಟವನ್ನು ಕಳೆದರೂ ಹಲವು ಪಟ್ಟಾಗಿ ಒಳಮುಖದ ಹಿಡಿಬಲವಾಗುತ್ತದೆ. ಸೀಳುಗಳು ಎರಡೂ ತುದಿಗಳಿಂದ ಹೊರಟು ಒಂದರ ನಡುವೆ ಒಂದು ಹೆಣೆದುಕೊಂಡಿರುವುದರಿಂದ ಕೊಲೆಟ್ ತನ್ನ ಉದ್ದಕ್ಕೂ ಒಂದೇ ಸಮನಾಗಿ ಕುಗ್ಗುತ್ತದೆ, ಬಹುತೇಕ ಅಳತೆಗಳಲ್ಲಿ ಈ ಕುಗ್ಗುವಿಕೆ 1 ಮಿ.ಮೀ. ವರೆಗೂ ಇರಬಹುದು. ಆದ್ದರಿಂದ 10–9 ಎಂದು ಗುರುತಿಸಿದ ಕೊಲೆಟ್ 9ರಿಂದ 10 ಮಿ.ಮೀ. ನಡುವಿನ ಯಾವ ಶ್ಯಾಂಕನ್ನಾದರೂ ಹಿಡಿಯಬಲ್ಲದು. ಆದರೆ ಅತ್ಯುತ್ತಮ ಹಿಡಿತ ಸಿಗುವುದು ಮೇಲಿನ ಮಿತಿಯ ಬಳಿ ಮಾತ್ರ, ಮತ್ತು ಆ ಮಿತಿಗಿಂತ ದಪ್ಪನೆಯ ಶ್ಯಾಂಕನ್ನು ಎಂದಿಗೂ ಒತ್ತಿ ತುರುಕಬಾರದು.

ಇಆರ್ ಪದದ ಮುಂದಿನ ಸಂಖ್ಯೆ ಕೊಲೆಟ್‌ನ ದಪ್ಪ ತುದಿಯ ವ್ಯಾಸವನ್ನು ಸರಿಸುಮಾರಾಗಿ ಮಿ.ಮೀ. ಗಳಲ್ಲಿ ಸೂಚಿಸುತ್ತದೆ. ಇಆರ್ 16 ಎಂಬುದು 10 ಮಿ.ಮೀ. ವರೆಗಿನ, ಇಆರ್ 20 ಎಂಬುದು 13 ಮಿ.ಮೀ. ವರೆಗಿನ, ಇಆರ್ 25 ಎಂಬುದು 16 ಮಿ.ಮೀ. ವರೆಗಿನ ಮತ್ತು ಇಆರ್ 32 ಎಂಬುದು 20 ಮಿ.ಮೀ. ವರೆಗಿನ ಶ್ಯಾಂಕ್‌ಗಳನ್ನು ಹಿಡಿಯುತ್ತದೆ. ಸಣ್ಣ ಯಂತ್ರಕ್ಕೆ ಇಆರ್ 25 ಅಥವಾ ಇಆರ್ 32 ಹೊಂದುತ್ತದೆ. ಇವೆರಡರಲ್ಲಿ ಇಆರ್ 32ರ ನಟ್ ಸುಮಾರು 50 ಮಿ.ಮೀ. ವ್ಯಾಸದ್ದಾಗಿ ಕೆಲಸದ ಗೋಡೆಗಳಿಗೆ ತಗುಲುವ ಸಾಧ್ಯತೆ ಹೆಚ್ಚು, ಇಆರ್ 25ರದು ಸುಮಾರು 42 ಮಿ.ಮೀ. ಮಾತ್ರ. ಕಟ್ಟರುಗಳು 16 ಮಿ.ಮೀ. ದಾಟದಿದ್ದರೆ ಚಿಕ್ಕದನ್ನೇ ಆರಿಸುವುದು ಜಾಣತನ.

ಈ ಕೊಲೆಟ್‌ಗಳನ್ನು ಜೋಡಿಸುವಾಗ ಆಗುವ ಸಾಮಾನ್ಯ ತಪ್ಪು ಒಂದಿದೆ. ಕೊಲೆಟನ್ನು ಚಕ್ಕಿನೊಳಗೆ ಇಳಿಬಿಟ್ಟು ಅದರ ಮೇಲೆ ನಟ್ಟನ್ನು ತಿರುಗಿಸುವುದು ಸರಿಯಾದ ಕ್ರಮವಲ್ಲ. ನಟ್ಟಿನ ಒಳಗೆ ಒಂದು ಪಕ್ಕಕ್ಕೆ ಸರಿದಿರುವ ಬಳೆಯಂತಹ ಅಂಚಿದ್ದು, ಕೊಲೆಟನ್ನು ಸ್ವಲ್ಪ ವಾಲಿಸಿ ಆ ಅಂಚಿಗೆ ಕ್ಲಿಕ್ಕೆಂದು ಕೂರಿಸಿಕೊಂಡ ಮೇಲೆಯೇ ನಟ್ಟನ್ನು ಚಕ್ಕಿಗೆ ತಿರುಗಿಸಬೇಕು. ಸಡಿಲಿಸುವಾಗ ಕೊಲೆಟನ್ನು ಶಂಕುವಿನಿಂದ ಹೊರಗೆಳೆಯುವುದು ಇದೇ ಅಂಚು. ಶ್ಯಾಂಕ್ ಕೊಲೆಟ್‌ನ ಉದ್ದದ ಮೂರನೆಯ ಎರಡು ಭಾಗವನ್ನಾದರೂ ತುಂಬಿರಬೇಕು, ಇಲ್ಲವಾದರೆ ಕೊಲೆಟ್ ಒಂದೇ ತುದಿಯಲ್ಲಿ ಕುಗ್ಗಿ ಶಾಶ್ವತವಾಗಿ ಸೊಟ್ಟಗಾಗುತ್ತದೆ. ಇಆರ್ 32ಕ್ಕೆ ತಯಾರಕರು ಸೂಚಿಸುವ ಬಿಗಿತ 100 ನ್ಯೂಟನ್-ಮೀಟರಿಗೂ ಮಿಗಿಲಾದುದರಿಂದ ಗಿಡ್ಡ ಸ್ಪ್ಯಾನರಿನಿಂದ ಅದು ದೊರೆಯುವುದು ಕಷ್ಟ. ಸರಿಯಾದ ಉದ್ದದ ಕೊಕ್ಕೆ ಸ್ಪ್ಯಾನರ್ ಬೇಕು.

ಓಲಾಟದ ಲೆಕ್ಕ

ಕಟ್ಟರಿನ ಅಕ್ಷವೂ ಸ್ಪಿಂಡಲ್ಲಿನ ಅಕ್ಷವೂ ಒಂದೇ ಆಗಿರದಿದ್ದರೆ ಕಟ್ಟರ್ ತಿರುಗುವಾಗ ಓಲಾಡುತ್ತದೆ. ಡಯಲ್ ಗೇಜ್ ಹಿಡಿದು ಒಂದು ಸುತ್ತಿಗೆ ಮುಳ್ಳು ಒಟ್ಟು ಎಷ್ಟು ಓಡಾಡಿತೆಂದು ಅಳೆದರೆ ಸಿಗುವ ಅಂಕಿಯನ್ನು ರನ್‌ಔಟ್ ಎನ್ನುತ್ತಾರೆ. ಎರಡು ಹಲ್ಲಿನ ಕಟ್ಟರೊಂದು ಪ್ರತಿ ಹಲ್ಲಿಗೆ 0.02 ಮಿ.ಮೀ. ದಪ್ಪದ ಚೂರನ್ನು ತೆಗೆಯಬೇಕೆಂದಿಟ್ಟುಕೊಳ್ಳಬಹುದು. ರನ್‌ಔಟ್ 0.02 ಮಿ.ಮೀ. ಇದ್ದು ಆ ಓಲಾಟ ಹಲ್ಲುಗಳ ನೇರಕ್ಕೇ ಬಿದ್ದರೆ, ಒಂದು ಹಲ್ಲು 0.04 ಮಿ.ಮೀ. ಕಡಿಯುತ್ತದೆ, ಇನ್ನೊಂದು ಲೋಹವನ್ನು ಸವರುತ್ತ ಸುಮ್ಮನೆ ಉಜ್ಜಿಕೊಂಡು ಹೋಗುತ್ತದೆ. ದುಡಿಯುವ ಹಲ್ಲು ಎರಡರಷ್ಟು ಹೊರೆಯಿಂದ ಮೊಂಡಾದರೆ ಉಜ್ಜುವ ಹಲ್ಲು ಬಿಸಿಯಿಂದ ಕೆಡುತ್ತದೆ. ಕಟ್ಟರ್ ಸಣ್ಣದಾದಷ್ಟೂ ಚೂರು ತೆಳುವಾಗುವುದರಿಂದ 3 ಮಿ.ಮೀ. ಕಟ್ಟರುಗಳು ಕಾರಣ ತಿಳಿಯದಂತೆ ಪದೇ ಪದೇ ಮುರಿಯುವುದರ ಹಿಂದೆ ಈ ಲೆಕ್ಕವೇ ಇರುವುದುಂಟು.

ಕಟ್ಟರ್ ಹೊರಚಾಚಿರುವ ಉದ್ದವೂ ಅಷ್ಟೇ ಮುಖ್ಯ. ಒಂದು ತುದಿಯಲ್ಲಿ ಹಿಡಿದ ದಂಡ ಬಾಗುವ ಪ್ರಮಾಣ ಉದ್ದದ ಘನಕ್ಕೆ ಅನುಗುಣವಾದುದರಿಂದ ಚಾಚು ಎರಡರಷ್ಟಾದರೆ ಬಾಗು 8 ಪಟ್ಟಾಗುತ್ತದೆ. ವ್ಯಾಸ ಅರ್ಧವಾದರೆ 16 ಪಟ್ಟಾಗುತ್ತದೆ. ಆದ್ದರಿಂದ ಕೆಲಸಕ್ಕೆ ಒಗ್ಗುವಷ್ಟು ಗಿಡ್ಡವಾದ, ದಪ್ಪನಾದ ಕಟ್ಟರನ್ನು ಸಾಧ್ಯವಾದಷ್ಟು ಒಳಕ್ಕೆ ಕೂರಿಸುವುದು ಯಾವ ಖರ್ಚೂ ಇಲ್ಲದೆ ಸಿಗುವ ಬಿಗುವು.

ಎತ್ತರದ ಇಕ್ಕಟ್ಟು

ಸ್ಪಿಂಡಲ್ಲಿನೊಳಗೇ ಕೂರುವ ಆರ್ 8 ಅಥವಾ ಮೋರ್ಸ್ ಕೊಲೆಟ್ ಕಟ್ಟರನ್ನು ಬೇರಿಂಗ್‌ಗೆ ಅತಿ ಹತ್ತಿರದಲ್ಲಿ ಹಿಡಿಯುವುದರಿಂದ ಹೆಚ್ಚು ಗಟ್ಟಿ, ಎತ್ತರವನ್ನೂ ಉಳಿಸುತ್ತದೆ. ಆದರೆ ಪ್ರತಿ ಶ್ಯಾಂಕ್ ಅಳತೆಗೂ ಬೇರೆ ಕೊಲೆಟ್ ಬೇಕು, ಪ್ರತಿ ಬದಲಾವಣೆಗೂ ಡ್ರಾಬಾರ್ ಬಿಚ್ಚಬೇಕು. ಇಆರ್ ಚಕ್ಕಿನಲ್ಲಿ ಬದಲಾವಣೆ ಸುಲಭ, ಆದರೆ ಅದು ಸ್ಪಿಂಡಲ್ಲಿನ ಕೆಳಗೆ ಸುಮಾರು 60–70 ಮಿ.ಮೀ. ಎತ್ತರವನ್ನು ನುಂಗುತ್ತದೆ. ಸ್ಪಿಂಡಲ್ಲಿನಿಂದ ಮೇಜಿಗೆ 300 ಮಿ.ಮೀ. ಅಂತರವಿರುವ ಯಂತ್ರವನ್ನು ಉದಾಹರಣೆಗೆ ತೆಗೆದುಕೊಂಡರೆ, 90 ಮಿ.ಮೀ. ಎತ್ತರದ ವೈಸ್ ಮತ್ತು 40 ಮಿ.ಮೀ. ಕೆಲಸದ ತುಂಡು ಸೇರಿ 130 ಆಗುತ್ತದೆ, 70 ಮಿ.ಮೀ. ಚಕ್, 35 ಮಿ.ಮೀ. ಚಾಚಿದ ಕಟ್ಟರ್ ಸೇರಿದರೂ ಇನ್ನೂ 65 ಮಿ.ಮೀ. ಉಳಿಯುತ್ತದೆ. ಅದೇ ಜಾಗದಲ್ಲಿ 100 ಮಿ.ಮೀ. ಇಳಿಬೀಳುವ ಡ್ರಿಲ್ ಚಕ್ಕಿಗೆ 100 ಮಿ.ಮೀ. ಚಾಚಿದ ಡ್ರಿಲ್ ಕಟ್ಟಿದರೆ ಒಟ್ಟು 330 ಆಗಿ ಕೆಲಸ ಹಿಡಿಸುವುದೇ ಇಲ್ಲ. ಆದ್ದರಿಂದ ಎತ್ತರ ಕಡಿಮೆಯಿರುವ ಯಂತ್ರದಲ್ಲಿ ಡ್ರಿಲ್ಲುಗಳನ್ನೂ ಕೊಲೆಟ್‌ನಲ್ಲಿಯೇ ಹಿಡಿಯುವ ಅಭ್ಯಾಸ ಒಳ್ಳೆಯದು.

ದಪ್ಪ ಕಟ್ಟರುಗಳಿಂದ ಹೆಚ್ಚು ಲೋಹ ತೆಗೆಯಬೇಕಾದಾಗ ಪಕ್ಕದಿಂದ ಸ್ಕ್ರೂ ಒತ್ತುವ ವೆಲ್ಡನ್ ಮಾದರಿಯ ಹೋಲ್ಡರ್ ಉಪಯುಕ್ತ. ಶ್ಯಾಂಕಿನಲ್ಲಿ ಮಾಡಿರುವ ಚಪ್ಪಟೆ ಭಾಗದ ಮೇಲೆ ಸ್ಕ್ರೂ ಕೂರುವುದರಿಂದ ಕಟ್ಟರ್ ಜಾರಿ ಹೊರಬರುವ ಭಯವಿಲ್ಲ. ಆದರೆ ಸ್ಕ್ರೂ ಶ್ಯಾಂಕನ್ನು ಒಂದು ಬದಿಗೆ ತಳ್ಳುವುದರಿಂದ ರಂಧ್ರದಲ್ಲಿರುವ ಸಡಿಲಿನಷ್ಟೂ ಓಲಾಟವಾಗಿ ಮಾರ್ಪಡುತ್ತದೆ. ಹೀಗಾಗಿ ಒರಟು ಕೆಲಸಕ್ಕೆ ವೆಲ್ಡನ್, ನಯಗೆಲಸಕ್ಕೆ ಕೊಲೆಟ್ ಎಂಬ ವಿಂಗಡಣೆ ಸೂಕ್ತ.

ಕೊಳ್ಳುವ ಕ್ರಮ, ಕಾಯುವ ಕ್ರಮ

ಅಂಗಡಿಯಲ್ಲಿ ಹದಿನೆಂಟು ಕೊಲೆಟ್‌ಗಳ ಪೆಟ್ಟಿಗೆ ಆಕರ್ಷಕವಾಗಿ ಕಂಡರೂ ಮೆಟ್ರಿಕ್ ಕಟ್ಟರುಗಳ ಶ್ಯಾಂಕ್ ಹೆಚ್ಚಾಗಿ 6, 8, 10, 12 ಮತ್ತು 16 ಮಿ.ಮೀ. ಅಳತೆಗಳಲ್ಲೇ ಬರುತ್ತದೆ. ಅದೇ ಹಣದಲ್ಲಿ ಒಂದು ಉತ್ತಮ ಚಕ್, ಒಂದು ಒಳ್ಳೆಯ ನಟ್ ಮತ್ತು ಈ ಐದು ಅಳತೆಗಳ ನಿಖರ ಕೊಲೆಟ್‌ಗಳನ್ನು ಕೊಂಡರೆ ಹೆಚ್ಚಿನ ಕೆಲಸ ಅವುಗಳಲ್ಲೇ ಮುಗಿಯುತ್ತದೆ. ಉಳಿದವುಗಳನ್ನು ಅಗತ್ಯ ಬಿದ್ದಾಗ ಸೇರಿಸಿಕೊಳ್ಳಬಹುದು. ತಂದ ಕೂಡಲೇ ಮೊದಲು ಸ್ಪಿಂಡಲ್ಲಿನ ಒಳಟೇಪರಿನ ಓಲಾಟವನ್ನು, ನಂತರ ಕೊಲೆಟ್‌ನಲ್ಲಿ ಹಿಡಿದ ನುಣುಪಾದ ನೇರ ಪಿನ್ನಿನ ಓಲಾಟವನ್ನು ನಟ್ಟಿನ ಬಳಿ ಮತ್ತು ತುದಿಯ ಬಳಿ ಅಳೆದರೆ, ದೋಷ ಯಂತ್ರದ್ದೋ ಹೋಲ್ಡರಿನದೋ ಎಂಬುದು ಸ್ಪಷ್ಟವಾಗುತ್ತದೆ.

ಶಂಕುವಿನ ನಡುವೆ ಸಿಕ್ಕಿದ ಕೂದಲೆಳೆಯಷ್ಟು ಲೋಹದ ಚೂರೂ ಹೋಲ್ಡರನ್ನು ವಾಲಿಸುತ್ತದೆ, ಆ ವಾಲು ಕಟ್ಟರಿನ ತುದಿಗೆ ತಲುಪುವಷ್ಟರಲ್ಲಿ ಹಿಗ್ಗುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಟೇಪರ್, ಕೊಲೆಟ್‌ನ ಒಳಮೈ ಮತ್ತು ಶ್ಯಾಂಕ್ ಮೂರನ್ನೂ ಒಣಬಟ್ಟೆಯಿಂದ ಒರೆಸಬೇಕು. ಗೀರು ಬಿದ್ದ, ಬಾಯಿ ಅಗಲವಾದ ಕೊಲೆಟನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ. ಕಟ್ಟರಿಗಿಂತ ಕೊಲೆಟ್, ಕೊಲೆಟ್‌ಗಿಂತ ಚಕ್, ಚಕ್ಕಿಗಿಂತ ಸ್ಪಿಂಡಲ್ ಬದಲಿಸುವುದು ಕಷ್ಟ. ಹೀಗಿರುವಾಗ ಕೆಟ್ಟ ಕೊಲೆಟ್ ಚಕ್ಕಿನ ಶಂಕುವನ್ನು, ಕೆಟ್ಟ ಚಕ್ ಸ್ಪಿಂಡಲ್ಲಿನ ಟೇಪರನ್ನು ತನ್ನಂತೆಯೇ ಕೆಡಿಸುತ್ತದೆ. ಸವೆಯಬೇಕಾದದ್ದನ್ನು ಸಕಾಲದಲ್ಲಿ ಬದಲಿಸಿದ ವರ್ಕ್‌ಶಾಪಿನಲ್ಲಿ, ಬದಲಿಸಲು ಕಷ್ಟವಾದ ಸ್ಪಿಂಡಲ್ ದೀರ್ಘಕಾಲ ನಿಖರವಾಗಿ ದುಡಿಯುತ್ತದೆ.