ನಿಮಗಿದು ಗೊತ್ತೇ? ಡಿ-ಡೈಮರ್ ಹಿಡಿದುಕೊಡುವ ಪ್ರತಿಕಾಯ

● ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಡಿ-ಡೈಮರ್ ಎಂದರೆ ರಕ್ತದ ಹೆಪ್ಪಲ್ಲ, ಹೆಪ್ಪು ಕರಗಿದಾಗ ಉಳಿಯುವ ಚೂರು. ಹೆಪ್ಪಿನ ಫೈಬ್ರಿನ್ ಎಳೆಗಳನ್ನು ಫ್ಯಾಕ್ಟರ್ 13 ಒಂದಕ್ಕೊಂದು ಬೆಸೆದಿರುತ್ತದೆ. ಮುಂದೆ ಪ್ಲಾಸ್ಮಿನ್ ಎಂಬ ಕಿಣ್ವ ಆ ಎಳೆಗಳನ್ನು ಕತ್ತರಿಸಿದರೂ ಬೆಸುಗೆ ಬಿಡುವುದಿಲ್ಲ. ಹೀಗೆ ಜೋಡಿಯಾಗಿಯೇ ಹೊರಬೀಳುವ ಎರಡು ‘ಡಿ’ ತುಂಡುಗಳೇ ಡಿ-ಡೈಮರ್.

● ಇದನ್ನು ಪತ್ತೆಹಚ್ಚುವುದು ಬಹುಕಾಲ ತಲೆನೋವಾಗಿತ್ತು. ಆರೋಗ್ಯವಂತರ ರಕ್ತದಲ್ಲೂ ಲೀಟರಿಗೆ 2ರಿಂದ 4 ಗ್ರಾಂ ಫೈಬ್ರಿನೋಜೆನ್ ಇರುತ್ತದೆ, ಅದರಲ್ಲೂ ‘ಡಿ’ ಭಾಗ ಉಂಟು. ಹಳೆಯ ಪ್ರತಿಕಾಯಗಳು ಎರಡಕ್ಕೂ ಅಂಟಿಕೊಳ್ಳುತ್ತಿದ್ದವು. ಬೇಕಾಗಿದ್ದದ್ದು ಬೆಸೆದ ಜೋಡಿಯನ್ನಷ್ಟೇ ಗುರುತಿಸುವ ಪ್ರತಿಕಾಯ.

● ದಾರಿ ತೆರೆದದ್ದು 1975ರಲ್ಲಿ. ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಪ್ರತಿಕಾಯ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಕೂಡಿಸಿ, ಒಂದೇ ಬಗೆಯ ಪ್ರತಿಕಾಯವನ್ನು ನಿರಂತರ ಪಡೆಯುವ ಉಪಾಯ ಕಂಡುಕೊಂಡರು. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ವೈದ್ಯಲೋಕ ಅವರಿಗೆ ಎಷ್ಟು ಋಣಿಯಾದರೂ ಸಾಲದು. 1984ರಲ್ಲಿ ನೊಬೆಲ್ ಬಂತು.

● ಅದೇ ಉಪಾಯದಿಂದ ಆಸ್ಟ್ರೇಲಿಯಾದ ವಿಜ್ಞಾನಿಗಳು ಡಿ-ಡೈಮರ್‌ಗೆಂದೇ ರೂಪಿಸಿದ ಇಲಿ ಪ್ರತಿಕಾಯದ ವಿವರ 1983ರಲ್ಲಿ ಪ್ರಕಟವಾಯಿತು. ಹೆಸರು ಡಿಡಿ-3ಬಿ6.

● ಇಂಥ ಪ್ರತಿಕಾಯಗಳಿಂದ ಮಾಡುವ ಡಿ-ಡೈಮರ್ ಪರೀಕ್ಷೆಯ ನಿಜವಾದ ಬಲವಿರುವುದು ‘ಹೆಪ್ಪು ಇಲ್ಲ’ ಎನ್ನುವುದರಲ್ಲಿ. ಹೆಪ್ಪಿನ ಶಂಕೆ ಕಡಿಮೆಯಿದ್ದು, ಡಿ-ಡೈಮರ್ ಮಿಲಿಲೀಟರಿಗೆ 500 ನ್ಯಾನೋಗ್ರಾಂ ಒಳಗಿದ್ದರೆ ಕಾಲಿನ ಅಥವಾ ಶ್ವಾಸಕೋಶದ ಹೆಪ್ಪನ್ನು ವೈದ್ಯರು ಸಾಮಾನ್ಯವಾಗಿ ಸ್ಕ್ಯಾನ್ ಇಲ್ಲದೆಯೇ ತಳ್ಳಿಹಾಕುತ್ತಾರೆ. ಹೆಚ್ಚಿದ್ದರೆ ಹೆಪ್ಪು ಇದೆಯೆಂದೇ ಅರ್ಥವಲ್ಲ. ಬಸಿರು, ಶಸ್ತ್ರಚಿಕಿತ್ಸೆ, ಸೋಂಕು, ಕ್ಯಾನ್ಸರ್, ಬರಿಯ ವಯಸ್ಸೂ ಅದನ್ನು ಏರಿಸುತ್ತವೆ. 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ ಮಿತಿ ಹಾಕುವ ಪದ್ಧತಿಯೂ ಇದೆ: 70ರ ಅಜ್ಜಿಗೆ 700. ರಿಪೋರ್ಟಿನ ದಪ್ಪಕ್ಷರದ ಅಂಕಿ ಕಂಡೊಡನೆ ಕಂಗೆಡಬೇಡಿ, ವೈದ್ಯರನ್ನು ಕೇಳಿ.

● ಎರಡು ಲ್ಯಾಬುಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಲೂಬೇಡಿ. ಒಂದೊಂದು ಕಿಟ್‌ನ ಪ್ರತಿಕಾಯ ಒಂದೊಂದು ಜಾಗಕ್ಕೆ ಅಂಟುತ್ತದೆ. ಮಾನವೂ ಎರಡು: ಎಫ್‌ಇಯು (ಫೈಬ್ರಿನೋಜೆನ್‌ಗೆ ಸಮನಾದ ಮಾನ) ಮತ್ತು ಡಿಡಿಯು (ಡಿ-ಡೈಮರ್ ಮಾನ). ಮೊದಲನೆಯದರ 500 ಎಂದರೆ ಎರಡನೆಯದರ ಸುಮಾರು 250.

● ಸಂಶೋಧಕರು ಕೊಳ್ಳುವ ಪ್ರತಿಕಾಯದ ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದಿರುತ್ತದೆ. ಅದರಿಂದ ರೋಗಿಯ ರಿಪೋರ್ಟ್ ಬರೆಯುವಂತಿಲ್ಲ.

● ಕೊಳಕುಮಂಡಲ ಹಾವು ಕಚ್ಚಿದಾಗಲೂ ಡಿ-ಡೈಮರ್ ಏರುತ್ತದೆ. ವಿಷವು ಮೈಯೊಳಗೆ ಹೆಪ್ಪುಗಟ್ಟಿಸುತ್ತಾ ಫೈಬ್ರಿನೋಜೆನ್ ಅನ್ನೇ ಬರಿದು ಮಾಡುತ್ತದೆ. ಆದರೆ ಅಂಥ ತುರ್ತಿನಲ್ಲಿ ಹಳ್ಳಿಯ ಆಸ್ಪತ್ರೆಗೆ ದುಬಾರಿ ಪ್ರತಿಕಾಯ ಬೇಕಿಲ್ಲ. ಶುಚಿಯಾದ, ಒಣಗಿದ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ, ಪ್ರತಿವಿಷ ಕೊಡಬೇಕು.