ಮುತ್ತಜ್ಜನ ಹೆಸರು ನಾಸಿಕದ ವಹಿಯಲ್ಲಿ

ಧಾರವಾಡ, ವಿಜಯಪುರ ಕಡೆಯ ಮನೆತನವೊಂದು 1850ರ ಸುಮಾರಿನ ಹಿರಿಯನನ್ನು ಹುಡುಕಹೊರಟರೆ ಮೊದಲು ನೆನಪಾಗುವುದು ಜನಗಣತಿ. ಅಮೆರಿಕದಲ್ಲಾದರೆ ಸರಿ, ಅಲ್ಲಿ 1850ರಿಂದಲೇ ಸ್ವತಂತ್ರರೆಲ್ಲರ ಹೆಸರು ಗಣತಿ ಪಟ್ಟಿಯಲ್ಲಿದೆ. ನಮ್ಮ ಹಳೆಯ ಗಣತಿಗಳಲ್ಲಿ ಉಳಿದದ್ದು ಅಂಕಿ, ಹೆಸರಲ್ಲ. ಅದಕ್ಕಿಂತ ನಾಸಿಕದ ಪಂಚವಟಿಗೋ ತ್ರ್ಯಂಬಕೇಶ್ವರಕ್ಕೋ ಹೋಗುವುದು ವಾಸಿ. ಅಲ್ಲಿನ ತೀರ್ಥಪುರೋಹಿತರ ಮನೆಗಳಲ್ಲಿ ವಹಿಗಳಿವೆ: ಯಾತ್ರಿಕನ ಹೆಸರು, ಊರು, ತಂದೆ, ಅಜ್ಜ, ಅಣ್ಣತಮ್ಮಂದಿರು, ಮಕ್ಕಳು, ಬರೆಯಬಲ್ಲವನಾದರೆ ಅವನದೇ ರುಜು. ಹಾಳೆ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರು ಜೊತೆಗಿರಲಿ.

ದಕ್ಷಿಣೆಗಾಗಿ ಬರೆದದ್ದನ್ನು ನಂಬುವುದು ಹೇಗೆ? ನನ್ನ ಲೆಕ್ಕದಲ್ಲಿ ದಕ್ಷಿಣೆಯೇ ಇಲ್ಲಿ ಭರವಸೆ. ಈ ಯಜಮಾನ ಯಾರ ಪಾಲಿನವನು ಎಂಬ ತಕರಾರು ಬಂದಾಗ ಪುರೋಹಿತನಿಗೆ ವಹಿಯೇ ಸಾಕ್ಷಿ. ತಪ್ಪು ಬರೆದರೆ ನಷ್ಟ ಅವನಿಗೇ. ಗಟ್ಟಿ ಆಕ್ಷೇಪ ಬೇರೆಯದು. ಇದೇ ನಾಸಿಕದ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ 1930ರಲ್ಲಿ ಅಂಬೇಡ್ಕರರು ಸತ್ಯಾಗ್ರಹ ಹೂಡಬೇಕಾಯಿತು. ಹೊಸ್ತಿಲು ದಾಟಲು ಬಿಡದವರ ವಂಶ ವಹಿಯಲ್ಲಿ ಎಷ್ಟು ಸಿಕ್ಕೀತು? ಅಮೆರಿಕದ್ದೂ ಅದೇ ಕಥೆ: 1850, 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇವೆ, ಗುಲಾಮರ ಹೆಸರು ಬಹುತೇಕ ಇಲ್ಲ. ಅವರು ಹೆಸರು ಸಮೇತ ಗಣತಿಗೆ ಬಂದದ್ದು 1870ರಲ್ಲಿ. ಹಾಗೆ ಹೊರಗುಳಿದ ಮನೆತನಗಳು ವಹಿ ಬಿಟ್ಟು ವತನದ ಕಾಗದ, ಶಾಲೆಯ ದಾಖಲಾತಿ ಪುಸ್ತಕ, ಭೂಮಾಪನ ಖಾತೆಗಳಿಂದ ಹುಡುಕಾಟ ಶುರುಮಾಡಬೇಕು.