ರಾಜಿಗೆ ಕೂರುವ ಮುನ್ನ ವಕೀಲರ ಕೆಲಸ

ಸಿವಿಲ್ ದಾವೆಯನ್ನು ನ್ಯಾಯಾಲಯವೇ ಮಧ್ಯಸ್ಥಿಕೆಗೆ ಕಳಿಸಲು ಅವಕಾಶ ಕೊಡುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು. ಅದು 2002ರ ಜುಲೈ 1ರಿಂದ ಜಾರಿಯಲ್ಲಿದೆ. ಕರ್ನಾಟಕದಲ್ಲಿ 2005ರಲ್ಲಿ ಇದಕ್ಕೆ ನಿಯಮಗಳಾದವು; 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಈಗ ಹಾವೇರಿಯೂ ಸೇರಿ ಜಿಲ್ಲೆಗಳಲ್ಲೂ ಇಂಥ ಕೇಂದ್ರಗಳಿವೆ. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಎರಡೂ ಕಡೆಯವರನ್ನು ಕೂಡಿಸಿ, ಬೇಕಾದಾಗ ಬೇರೆಬೇರೆ ಕರೆದು ಮಾತಾಡಿಸಿ, ಅವರೇ ಒಪ್ಪುವ ದಾರಿ ಹುಡುಕಲು ನೆರವಾಗುತ್ತಾರೆ.

ತೀರ್ಪಿಲ್ಲ ಎಂಬ ಕಾರಣಕ್ಕೇ ಕೆಲವು ವಕೀಲರು ಇದನ್ನು ಹಗುರವಾಗಿ ಕಾಣುವುದುಂಟು. ಫೈಲು ಓದದ ಜೂನಿಯರ್‌ ಒಬ್ಬರು ಹೋಗಿ ಇನ್ನೊಂದು ತಾರೀಖು ತಂದರೆ ಅಲ್ಲಿಗೆ ಮುಗಿಯಿತು. ಕಾನೂನು ನೋಡಿದರೆ ಇದು ಉಲ್ಟಾ. ತೀರ್ಪಿನಲ್ಲಿ ತಪ್ಪಿದ್ದರೆ ಮೇಲ್ಮನವಿ ಉಂಟು. ಒಪ್ಪಿ ಪಡೆದ ಡಿಕ್ರಿಗೆ 96(3)ನೇ ಕಲಮಿನಂತೆ ಸಾಮಾನ್ಯವಾಗಿ ಅದೂ ಇಲ್ಲ. ರಾಜಿ ಕಾನೂನುಬಾಹಿರ ಎಂದು ಬೇರೆ ದಾವೆ ಹೂಡಲೂ ಬರುವುದಿಲ್ಲ. ಡಿಕ್ರಿ ಮಾಡಿದ ನ್ಯಾಯಾಲಯದ ಬಾಗಿಲನ್ನೇ ತಟ್ಟಬೇಕು. ಸಹಿ ಬಿದ್ದ ಮೇಲೆ ತಿದ್ದುವುದು ಅಷ್ಟು ಕಷ್ಟವಾದ್ದರಿಂದ ತಯಾರಿಯೆಲ್ಲ ಅದಕ್ಕೂ ಮೊದಲೇ ಆಗಬೇಕು.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಒಕ್ಕಲುತನದ ಊರಿನಲ್ಲಿ ಹೊಲದ ವಾಟ್ನಿಯ ತಕರಾರು ಹೊಸದೇನಲ್ಲ. ಪಾಲಿನ ದಾವೆ, ಬಾಜೂ ಹೊಲದವರ ನಡುವಿನ ಹಕ್ಕಿನ ಜಗಳ ಇವೆಲ್ಲ ಮಧ್ಯಸ್ಥಿಕೆಗೆ ತಕ್ಕವೆಂದು ಸುಪ್ರೀಂ ಕೋರ್ಟ್ 2010ರ ಆಫ್ಕಾನ್ಸ್ ಪ್ರಕರಣದಲ್ಲಿ ಹೇಳಿದೆ. ಆರು ಎಕರೆ ಹೊಲ, ಇಬ್ಬರು ಅಣ್ಣತಮ್ಮಂದಿರು, ಲಗ್ನವಾಗಿ ಹೋದ ಒಬ್ಬ ತಂಗಿ ಎಂದಿಟ್ಟುಕೊಳ್ಳೋಣ. ವಕೀಲರು ಮೊದಲು ನೋಡಬೇಕಾದ್ದು ಉತಾರ. ಅದರಲ್ಲಿ ಯಾರ ಹೆಸರಿದೆ, ಸೊಸೈಟಿ ಸಾಲದ ಬೋಜಾ ಇದೆಯೇ? ಬೋಜಾ ಇಡೀ ಹೊಲದ ಮೇಲಿದ್ದು ಸಾಲ ತೀರಿಸುವವರು ಯಾರೆಂದು ರಾಜಿಯಲ್ಲಿ ಬರೆಯದಿದ್ದರೆ ಮರುವರ್ಷವೇ ಹೊಸ ಜಗಳ.

ತಂಗಿಯನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಮಾಡಿಕೊಂಡ ರಾಜಿ ಆಕೆಯನ್ನು ಕಟ್ಟಿಹಾಕುವುದಿಲ್ಲ. ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪತ್ರದಿಂದ ಅಥವಾ ಡಿಕ್ರಿಯಿಂದ ವಾಟ್ನಿ ಆಗಿದ್ದರೆ ಲೆಕ್ಕ ಬೇರೆ. ಹಾಗಾಗಿ ಹಳೆಯ ಕಾಗದ ಹುಡುಕಿಸುವುದೂ ತಯಾರಿಯೇ. ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ಅವರ ಪರವಾದ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು.

ಕಾಗದಕ್ಕಿಂತ ಕಠಿಣವಾದದ್ದು ಕಕ್ಷಿದಾರರ ಮನಸ್ಸು ತಿಳಿಯುವುದು. ‘ಸಮಪಾಲು ಬೇಕು’ ಎನ್ನುವ ತಮ್ಮನಿಗೆ ನಿಜವಾಗಿ ಬೇಕಾದ್ದು ಬೋರ್‌ವೆಲ್ ನೀರಿರಬಹುದು, ಟ್ರ್ಯಾಕ್ಟರ್ ಹೋಗುವಷ್ಟು ದಾರಿ ಇರಬಹುದು. ಗೆದ್ದರೆ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂಬುದನ್ನೂ ವಕೀಲರು ಬಿಚ್ಚಿ ಹೇಳಬೇಕು. ಪ್ರಾಥಮಿಕ ಡಿಕ್ರಿ ಬರೀ ಪಾಲಿನ ಪ್ರಮಾಣ ಹೇಳುತ್ತದೆ. ಕಂದಾಯದ ಹೊಲವನ್ನು ನೆಲದ ಮೇಲೆ ಭಾಗ ಮಾಡುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಕಂದಾಯ ಅಧಿಕಾರಿಗಳಿಗೆ ಹೋಗುತ್ತದೆ. ಈ ಚಿತ್ರ ಕಣ್ಣ ಮುಂದಿಲ್ಲದ ಕಕ್ಷಿದಾರ ಒಳ್ಳೆಯ ಪ್ರಸ್ತಾಪವನ್ನೂ ಕೈಬಿಡುತ್ತಾನೆ.

ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯವೆಂದು, ರಾಜಿ ಮುರಿದರೂ ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಮುಂಚೆಯೇ ಹೇಳಿದರೆ ಅಂಜಿಕೆ ಕಡಿಮೆಯಾಗುತ್ತದೆ. ಅಲ್ಲಿ ಮಾತಾಡಬೇಕಾದವರು ಮುಖ್ಯವಾಗಿ ಕಕ್ಷಿದಾರರು. ವಾದದ ವರಸೆ ಅಲ್ಲಿ ಕೆಲಸಕ್ಕೆ ಬಾರದು.

ಕೊನೆಗೆ ಬರವಣಿಗೆ. ‘ಉತ್ತರದ ಪಾಲು ಅಣ್ಣನಿಗೆ’ ಎಂದರೆ ಸಾಲದು; ಸರ್ವೆ ನಂಬರು, ಗುಂಟೆ, ಚಕ್ಕುಬಂದಿ, ದಾರಿಯ ಅಗಲ, ನೀರಿನ ಸರದಿ ಎಲ್ಲವೂ ಬೇಕು. ಅಳತೆಯ ನಕ್ಷೆ ಕೈಯಲ್ಲಿದ್ದರೆ ಆಮೇಲಿನ ಪೋಡಿಯೂ ಸಲೀಸು. ದಾವೆಯಲ್ಲಿಲ್ಲದ ಮನೆಯೋ ಪ್ಲಾಟೋ ರಾಜಿಯಲ್ಲಿ ಸೇರಿದ್ದರೆ ನೋಂದಣಿಯ ಪ್ರಶ್ನೆ ಏಳುತ್ತದೆ. ಅದರ ಖರ್ಚು ಯಾರದೆಂದು ಸಹಿಗೆ ಮೊದಲೇ ರಾಜಿ ಪತ್ರದಲ್ಲಿ ಬರೆಸಬೇಕು.